ಸೂಜಿಗೆ ಮುಂಚೆ ನಿಂತು ತೋರಿಸಿ: ಬೆಳಗಾವಿ, ಖಾನಾಪುರದಲ್ಲಿ ನಿಂತು ದುಡಿಯುವವರಿಗೊಂದು ಬಹಿರಂಗ ಪತ್ರ

ಖಡೇಬಜಾರ, ಗಣಪತ್ ಗಲ್ಲಿಯ ಅಂಗಡಿಗಳಲ್ಲಿ ದಿನವಿಡೀ ಸೀರೆ ಬಿಚ್ಚಿ ತೋರಿಸುವ ಅಕ್ಕ-ತಂಗಿಯರೇ, ವಡಗಾವಿ, ಶಹಾಪುರ, ಖಾಸಬಾಗದ ಮಗ್ಗದ ಶೆಡ್ಡುಗಳಲ್ಲಿ ದುಡಿಯುವ ಅಣ್ಣ-ತಮ್ಮಂದಿರೇ, ಉದ್ಯಮಬಾಗದಲ್ಲಿ ಲೇಥ್ ಮುಂದೆ ಪಾಳಿ ಮುಗಿಸುವವರೇ, ವಾರ್ಡುಗಳ ಸಿಸ್ಟರುಗಳೇ, ಶಾಲೆಯ ಟೀಚರುಗಳೇ, ಖಾನಾಪುರದ ಹೆಂಚು-ಇಟ್ಟಿಗೆಯ ಭಟ್ಟಿಗಳಲ್ಲಿ ಮತ್ತು ಭತ್ತದ ಗದ್ದೆಗಳಲ್ಲಿ ಬೆವರು ಸುರಿಸುವ ತಾಯಂದಿರೇ,

ನಿಮ್ಮ ಕೆಲಸಗಳು ಬೇರೆ ಬೇರೆಯಾದರೂ ಕಾಲುಗಳ ಪಾಡು ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ನಿಂತವರು ಊಟದ ಹೊತ್ತಿಗೆ ಒಂದಿಷ್ಟು ಕೂತರೆ ಪುಣ್ಯ. ಕೆಲವು ವರ್ಷ ಹೀಗೆ ಕಳೆದ ಮೇಲೆ ತೊಡೆಯ ಹೊರಬದಿಗೆ, ಮೊಣಕಾಲಿನ ಹಿಂದೆ, ಹರಡಿನ ಸುತ್ತ ಕೆಂಪು ಇಲ್ಲವೇ ನೀಲಿ ಎಳೆಗಳು ಜೇಡರ ಬಲೆಯಂತೆ ಹರಡಿಕೊಂಡದ್ದು ಕಣ್ಣಿಗೆ ಬೀಳುತ್ತದೆ. ‘ಕಾಲಾಗ ನರ ಎದ್ದಾವ’ ಎಂದು ಮನೆಯಲ್ಲಿ ಹೇಳುತ್ತೀರಿ; ಡಾಕ್ಟರು ಅದಕ್ಕೆ ಸ್ಪೈಡರ್ ವೇನ್ ಅನ್ನುತ್ತಾರೆ. ಇಂಜೆಕ್ಷನ್ ಕೊಟ್ಟು ಈ ಎಳೆಗಳನ್ನು ಇಲ್ಲವಾಗಿಸುವ ಚಿಕಿತ್ಸೆಯ ಹೆಸರು ಸ್ಕ್ಲೆರೋಥೆರಪಿ. ಆಪರೇಷನ್ ಇಲ್ಲ, ಹೊಲಿಗೆ ಇಲ್ಲ, ಅರ್ಧ ಗಂಟೆಯಲ್ಲಿ ಮನೆಗೆ ಹೋಗಬಹುದು ಎಂಬ ಜಾಹೀರಾತು ನಿಮ್ಮ ಫೋನಿನಲ್ಲೂ ಬಂದಿರಬಹುದು. ಅದರ ಬಗ್ಗೆ ಎರಡು ಮಾತು ಓಡಾಡುತ್ತಿವೆ. ಕಾಲಿನ ನೋವೆಲ್ಲ ಒಂದೇ ಸೂಜಿಗೆ ಹೋಗುತ್ತದೆ ಎಂಬುದು ಒಂದು. ಅದು ಶ್ರೀಮಂತರ ಶೋಕಿ, ದುಡಿಯುವವರಿಗೆ ಯಾಕೆ ಎಂಬುದು ಇನ್ನೊಂದು. ಎರಡೂ ತಪ್ಪು, ಎರಡರಿಂದಲೂ ನಿಮಗೇ ನಷ್ಟ ಎಂದು ಹೇಳಲು ಈ ಪತ್ರ. ಇಂಜೆಕ್ಷನ್ ಒಳ್ಳೆಯ ಚಿಕಿತ್ಸೆಯೇ. ಆದರೆ ಅದು ಚರ್ಮದ ಮೇಲೆ ಕಾಣುವ ಎಳೆಗೆ ಮಾತ್ರ ಚಿಕಿತ್ಸೆ. ಆ ಎಳೆ ಏಕೆ ಬಂತು ಎಂದು ತಿಳಿದವರು ನೋಡುವ ಮೊದಲು ಸೂಜಿಗೆ ಕಾಲು ಕೊಡಬೇಡಿ. ನೋಡಿ ಹೇಳಿದ ಮೇಲೆ ನಿಮಗೆ ಬೇಕೆನಿಸಿದರೆ ಯಾರ ಸಂಕೋಚವೂ ಇಲ್ಲದೆ ಹಾಕಿಸಿಕೊಳ್ಳಿ.

ನಿಂತಾಗ ಕಾಲಿನಲ್ಲಿ ಏನಾಗುತ್ತದೆ ಎಂಬುದರಿಂದ ಶುರುಮಾಡುವುದು ಒಳ್ಳೆಯದು. ಹೃದಯದಿಂದ ಕೆಳಗಿಳಿದ ರಕ್ತ ಪಾದದಿಂದ ಮತ್ತೆ ಮೇಲಕ್ಕೆ ಹೋಗಬೇಕು. ಮೇಲಕ್ಕೆ ತಳ್ಳುವ ಕೆಲಸ ಮೀನಖಂಡದ ಸ್ನಾಯುಗಳದ್ದು, ತಳ್ಳಿದ ರಕ್ತ ಕೆಳಗೆ ಜಾರದಂತೆ ತಡೆಯುವ ಕೆಲಸ ರಕ್ತನಾಳದೊಳಗಿನ ಸಣ್ಣ ಕವಾಟಗಳದ್ದು. ಅಲುಗಾಡದೆ ನಿಂತವರ ಹರಡಿನ ಹತ್ತಿರದ ರಕ್ತನಾಳದಲ್ಲಿ ಒತ್ತಡ ಪಾದರಸದ 80-90 ಮಿಲಿಮೀಟರ್ ಇರುತ್ತದೆ. ಅದೇ ಮನುಷ್ಯ ನಡೆಯತೊಡಗಿದರೆ ಕೆಲವೇ ಹೆಜ್ಜೆಗಳಲ್ಲಿ 30ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಕಾಲಿಗೆ ಭಾರವಾಗುವುದು ದುಡಿಮೆಯಲ್ಲ, ಒಂದೇ ಕಡೆ ನಿಂತು ದುಡಿಯುವುದು. ದಿನಕ್ಕೆ ಹತ್ತು ಮೈಲಿ ನಡೆಯುವ ಕುರಿಗಾಹಿಗಿಂತ ಕೌಂಟರಿನ ಹಿಂದೆ ಹತ್ತು ತಾಸು ನಿಲ್ಲುವ ಹುಡುಗಿಯ ಮೀನಖಂಡ ಸಂಜೆಗೆ ಹೆಚ್ಚು ಜಗ್ಗುವುದು ಇದೇ ಕಾರಣಕ್ಕೆ. ಡೆನ್ಮಾರ್ಕಿನಲ್ಲಿ ದುಡಿಯುವ ವಯಸ್ಸಿನ ಸಾವಿರಾರು ಜನರನ್ನು 12 ವರ್ಷ ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕೆಲಸದ ಹೊತ್ತಿನ ಮುಕ್ಕಾಲು ಭಾಗವನ್ನು ನಿಂತು ಅಥವಾ ಓಡಾಡಿ ಕಳೆಯುವವರು ವೆರಿಕೋಸ್ ವೇನ್‌ಗಾಗಿ ಆಸ್ಪತ್ರೆ ಸೇರುವ ಸಂಭವ ಉಳಿದವರಿಗಿಂತ ಗಂಡಸರಲ್ಲಿ 1.75 ಪಟ್ಟು, ಹೆಂಗಸರಲ್ಲಿ 1.82 ಪಟ್ಟು ಇತ್ತು. ಈ ಲೆಕ್ಕ ಉಬ್ಬಿದ ದೊಡ್ಡ ನಾಳಗಳದ್ದು, ಜೇಡರ ಬಲೆಯಂಥ ಸಣ್ಣವುಗಳದ್ದಲ್ಲ ಎಂಬುದನ್ನು ಮರೆಯಬಾರದು. ಸಣ್ಣವುಗಳಿಗೆ ಮನೆತನ, ವಯಸ್ಸು, ಬಸುರು, ಹೆಣ್ಣಿನ ದೇಹದ ಹಾರ್ಮೋನು ಹೀಗೆ ಬೇರೆ ಕಾರಣಗಳೂ ಉಂಟು. ಆದರೆ ನಿಮ್ಮ ದೇಹದಲ್ಲಿ ಆ ಕಾರಣಗಳು ಇದ್ದಾಗ ಅವುಗಳ ಮೇಲೆ ದಿನವೂ ಹೊರೆ ಹೇರುವುದು ನಿಲ್ಲುವ ಕೆಲಸವೇ.

ಹಾಗೆಂದು ಎಳೆ ಕಂಡ ಕೂಡಲೇ ಗಾಬರಿಯಾಗಬೇಕಾಗಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 18ರಿಂದ 64 ವರ್ಷದ 1,566 ಜನರ ಕಾಲು ಪರೀಕ್ಷಿಸಿದಾಗ ನೂರಕ್ಕೆ 80ಕ್ಕೂ ಹೆಚ್ಚು ಜನರಲ್ಲಿ ಇಂಥ ಸಣ್ಣ ಎಳೆಗಳು ಸೌಮ್ಯ ರೂಪದಲ್ಲಿ ಕಂಡವು. ಇಷ್ಟೊಂದು ಜನರಿಗಿರುವುದನ್ನು ರೋಗವೆಂದು ಕರೆಯುವುದೇ ಕಷ್ಟ. ಒಂದು ಮಿಲಿಮೀಟರಿಗಿಂತ ಸಣ್ಣದಿದ್ದರೆ ಜೇಡ-ಎಳೆ, ಮೂರು ಮಿಲಿಮೀಟರ್ ದಾಟಿ ಚರ್ಮದಡಿ ಉಬ್ಬಿ ಡೊಂಕಾಗಿ ಹರಿದರೆ ವೆರಿಕೋಸ್, ನಡುವಿನವು ಚರ್ಮದಡಿಯ ನೀಲಿ ಜಾಲ. ಜಗತ್ತಿನ ವೈದ್ಯರು ಕಾಲಿನ ರಕ್ತನಾಳದ ತೊಂದರೆಗಳನ್ನು ಮೆಟ್ಟಿಲುಗಳಾಗಿ ಎಣಿಸುತ್ತಾರೆ. ಏನೂ ಕಾಣದ ಕಾಲು ಸೊನ್ನೆ, ಹುಣ್ಣು ತೆರೆದ ಕಾಲು ಆರು. ಜೇಡ-ಎಳೆ ಇರುವುದು ಒಂದನೆಯ ಮೆಟ್ಟಿಲಲ್ಲಿ. ಅದು ಮುಂದೆ ಆರಕ್ಕೇ ಹೋಗುತ್ತದೆ ಎಂದು ಹೆದರಿಸಿ ಸೂಜಿ ಮಾರುವವರ ಮಾತನ್ನು ನಂಬಬೇಡಿ. ಒಂದನೆಯ ಮೆಟ್ಟಿಲಲ್ಲೇ ಬದುಕು ಕಳೆಯುವವರು ಬಹಳ.

ಇಷ್ಟು ಹೇಳಿದ ಮೇಲೆ ಈ ಪತ್ರದ ಮುಖ್ಯ ಮಾತಿಗೆ ಬರುತ್ತೇನೆ. ನೋಡುವುದಕ್ಕೆ ಒಂದೇ ಥರ ಇರುವ ನೀಲಿ ಎಳೆಗಳು ಎಲ್ಲ ಕಡೆಯೂ ಒಂದೇ ಅರ್ಥ ಕೊಡುವುದಿಲ್ಲ. ತೊಡೆಯ ಹೊರಬದಿಗೆ ನಾಲ್ಕು ಕೆಂಪು ಗೆರೆಗಳಿದ್ದರೆ ಅದು ಬಹುಮಟ್ಟಿಗೆ ಚರ್ಮದ ಮಟ್ಟಿಗಿನ ವಿಷಯ. ಅವೇ ಎಳೆಗಳು ಹರಡಿನ ಒಳಬದಿಯಲ್ಲಿ, ಪಾದದ ಅಂಚಿಗೆ ಬೀಸಣಿಗೆಯ ಆಕಾರದಲ್ಲಿ ಒತ್ತೊತ್ತಾಗಿ ಹರಡಿಕೊಂಡಿದ್ದರೆ ಮಾತೇ ಬೇರೆ. ಮೇಲಿನ ದೊಡ್ಡ ನಾಳದ ಕವಾಟ ಕೆಟ್ಟು ರಕ್ತ ಕೆಳಗೆ ಜಾರುತ್ತಿದೆ, ಹರಡಿನ ಹತ್ತಿರ ಒತ್ತಡ ಕಟ್ಟಿಕೊಂಡಿದೆ ಎಂಬುದರ ಗುರುತು ಅದಾಗಿರಬಹುದು. 2020ರಲ್ಲಿ ಆ ಮೆಟ್ಟಿಲುಗಳ ಪಟ್ಟಿಯನ್ನು ಪರಿಷ್ಕರಿಸಿದಾಗ ಈ ಬೀಸಣಿಗೆಯ ಗುರುತನ್ನು ತಜ್ಞರು ನಾಲ್ಕನೆಯ ಮೆಟ್ಟಿಲಿಗೆ ಸೇರಿಸಿದರು, ಚರ್ಮ ಕಪ್ಪಾಗುವುದು, ಗಟ್ಟಿಯಾಗುವುದು ಇರುವ ಅದೇ ಮೆಟ್ಟಿಲಿಗೆ. ಒಂದು ಮತ್ತು ನಾಲ್ಕರ ನಡುವಿನ ಅಂತರ ಕನ್ನಡಿಯಲ್ಲಿ ಗೊತ್ತಾಗುವುದಿಲ್ಲ, ಜಾಹೀರಾತಿನ ಫೋಟೋದಲ್ಲಿ ಇನ್ನೂ ಗೊತ್ತಾಗುವುದಿಲ್ಲ. ನಾಲ್ಕರಲ್ಲಿರುವ ಕಾಲಿಗೆ ಒಂದರ ಚಿಕಿತ್ಸೆ ಮಾಡುವುದೆಂದರೆ ಮೇಲೆ ಟಾಕಿ ಸೋರುತ್ತಿರುವಾಗ ಕೆಳಗೆ ನೆಲ ಒರೆಸಿದ ಹಾಗೆ. ಎಳೆ ಕೆಲವು ದಿನ ಮರೆಯಾಗುತ್ತದೆ, ದುಡ್ಡು ಖರ್ಚಾಗುತ್ತದೆ, ಒಳಗಿನ ಸೋರಿಕೆ ಹಾಗೇ ಮುಂದುವರಿಯುತ್ತದೆ. ಎಳೆ ಹೋಯಿತಲ್ಲ ಎಂಬ ಸಮಾಧಾನದಲ್ಲಿ ನೀವು ಮತ್ತೆ ಡಾಕ್ಟರ ಹತ್ತಿರ ಹೋಗುವುದೂ ಇಲ್ಲ, ಕೇಡಿರುವುದು ಅಲ್ಲೇ.

ಈ ಅಂತರ ತಿಳಿಯುವ ದಾರಿ ಕಷ್ಟದ್ದೇನಲ್ಲ. ಮೊದಲನೆಯದು ಬೆಳಕಿನಲ್ಲಿ, ನೀವು ನಿಂತಿರುವಾಗ, ತೊಡೆಸಂದಿಯಿಂದ ಪಾದದವರೆಗೆ ಎರಡೂ ಕಾಲನ್ನು ಡಾಕ್ಟರು ನೋಡಿ ಮುಟ್ಟಿ ಪರೀಕ್ಷಿಸುವುದು. ಎರಡನೆಯದು ಡಾಪ್ಲರ್ ಸ್ಕ್ಯಾನ್. ಬಸುರಿನಲ್ಲಿ ಮಾಡುವ ಸ್ಕ್ಯಾನಿನ ಅದೇ ಜಾತಿಯ ಯಂತ್ರ. ನೋವಿಲ್ಲ, ಸೂಜಿಯಿಲ್ಲ, ವಿಕಿರಣವಿಲ್ಲ. ಇದನ್ನು ಮಾಡುವ ಕ್ರಮ ತಿಳಿದಿದ್ದರೆ ಸರಿಯಾಗಿ ಆಯಿತೋ ಇಲ್ಲವೋ ಎಂದು ನೀವೇ ಗಮನಿಸಬಹುದು. ನಿಮ್ಮನ್ನು ನಿಲ್ಲಿಸಿ, ನೋಡದ ಕಾಲಿನ ಮೇಲೆ ಭಾರ ಹಾಕಿಸಿ, ತೊಡೆಸಂದಿಗೆ ತಣ್ಣನೆ ಜೆಲ್ ಹಚ್ಚಿ ಯಂತ್ರದ ತುದಿಯನ್ನು ಇಡುತ್ತಾರೆ. ಇನ್ನೊಂದು ಕೈಯಿಂದ ಮೀನಖಂಡವನ್ನು ಒಮ್ಮೆ ಹಿಂಡಿ ಬಿಡುತ್ತಾರೆ. ಹಿಂಡಿದಾಗ ರಕ್ತ ಮೇಲಕ್ಕೆ ಚಿಮ್ಮುವುದು ಪರದೆಯಲ್ಲಿ ಒಂದು ಬಣ್ಣದಲ್ಲಿ ಕಾಣುತ್ತದೆ. ಬಿಟ್ಟಾಗ ಕವಾಟ ಚೆನ್ನಾಗಿದ್ದರೆ ಹರಿವು ಅಲ್ಲಿಗೇ ನಿಲ್ಲುತ್ತದೆ. ಕೆಟ್ಟಿದ್ದರೆ ಬಣ್ಣ ಬದಲಾಗಿ ರಕ್ತ ಹಿಂದಕ್ಕೆ ಜಾರುತ್ತದೆ. ಚರ್ಮದಡಿಯ ನಾಳದಲ್ಲಿ ಈ ಜಾರುವಿಕೆ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ನಡೆದರೆ ಅದನ್ನು ಸೋರಿಕೆ ಎಂದು ಬರೆಯುತ್ತಾರೆ. ಸೋರಿಕೆ ತೋರುವುದು ನಿಂತ ಕಾಲಿನಲ್ಲಿ. ಆದ್ದರಿಂದ ಮಲಗಿಸಿಯೇ ಎರಡು ನಿಮಿಷದಲ್ಲಿ ಮುಗಿಸಿ ‘ಏನೂ ಇಲ್ಲ’ ಎಂದರೆ, ನಿಂತು ನೋಡಬಹುದೇ ಎಂದು ವಿನಯದಿಂದಲೇ ಕೇಳಿ. ಕೇಳುವ ಹಕ್ಕು ನಿಮಗಿದೆ.

ಸೋರಿಕೆ ಇಲ್ಲ, ಚರ್ಮದ ಎಳೆ ಮಾತ್ರ ಎಂದು ಗೊತ್ತಾದ ಮೇಲೆ ಇಂಜೆಕ್ಷನ್ನಿನ ಮಾತು. ಅದನ್ನು ಕೊಡುವ ಬಗೆ ಇದು: ನೀವು ಮಲಗಿರುತ್ತೀರಿ, ಡಾಕ್ಟರು ದೊಡ್ಡದಾಗಿ ತೋರಿಸುವ ಕನ್ನಡಕ ಹಾಕಿಕೊಂಡು ಕೂದಲಿನಷ್ಟು ತೆಳು ಸೂಜಿಯನ್ನು ಎಳೆಯೊಳಗೆ ಓರೆಯಾಗಿ ತೂರಿಸಿ ಕೆಲವೇ ಹನಿ ಔಷಧ ಬಿಡುತ್ತಾರೆ. ಔಷಧ ಹರಿದ ಕಡೆಯೆಲ್ಲ ನೀಲಿ ಬಣ್ಣ ಕಣ್ಣೆದುರೇ ಅಳಿಸಿ ಚರ್ಮ ಬಿಳಿಚುತ್ತದೆ. ಅದೇ ಗುಣವಾದದ್ದು ಎಂದು ತಿಳಿಯಬೇಡಿ. ರಕ್ತ ಪಕ್ಕಕ್ಕೆ ಸರಿದಿದೆ, ಅಷ್ಟೆ. ನಿಜವಾದ ಕೆಲಸ ಆಮೇಲಿನದು. ಔಷಧ ನಾಳದ ಒಳಪದರವನ್ನು ಕೆಡಿಸುತ್ತದೆ, ಗೋಡೆಗಳು ಒಂದಕ್ಕೊಂದು ಅಂಟಿ ನಾಳ ಮುಚ್ಚುತ್ತದೆ, ದೇಹ ಅದನ್ನು ವಾರಗಳಲ್ಲಿ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಬಳಸುವ ಔಷಧಗಳು ಹೊಸವೇನಲ್ಲ. ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟಿಗೆ ಅಮೆರಿಕದ ಔಷಧ ಇಲಾಖೆ 1946ರಲ್ಲೇ ಅನುಮತಿ ಕೊಟ್ಟಿತು. ಪೊಲಿಡೊಕೆನಾಲ್ ಮೊದಲು ಹುಟ್ಟಿದ್ದು ನೋವು ಮರಗಟ್ಟಿಸುವ ಔಷಧವಾಗಿ; ಯುರೋಪಿನಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ಅದಕ್ಕೆ ಅಮೆರಿಕದ ಅನುಮತಿ ಸಿಕ್ಕಿದ್ದು 2010ರಲ್ಲಿ. ಜೇಡ-ಎಳೆಗಳಿಗೆ ಅದನ್ನು ಅರ್ಧ ಪ್ರತಿಶತದಷ್ಟು ತೆಳುವಾಗಿ ಬಳಸುತ್ತಾರೆ, ತುಸು ದೊಡ್ಡ ನೀಲಿ ಜಾಲಕ್ಕೆ ಒಂದು ಪ್ರತಿಶತ. ಸೂಜಿಯ ನಂತರ ಒತ್ತು ಕಾಲುಚೀಲ ಹಾಕಿಕೊಂಡು ಅಲ್ಲಿಂದಲೇ ನಡೆಯಲು ಹೇಳುತ್ತಾರೆ. ಅದನ್ನು ತಪ್ಪಿಸಿ ಸೀದಾ ಅಂಗಡಿಗೆ ಹೋಗಿ ನಿಂತುಬಿಡಬೇಡಿ.

ಇದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಚಿಕಿತ್ಸೆಗಳ ಪ್ರಯೋಗಗಳನ್ನೆಲ್ಲ ಕಲೆಹಾಕಿ ತೂಗುವ ಕೊಕ್ರೇನ್ ಸಂಸ್ಥೆ 2021ರಲ್ಲಿ ಜೇಡ-ಎಳೆಗಳ ಬಗ್ಗೆ 35 ಪ್ರಯೋಗಗಳನ್ನು ಪರಿಶೀಲಿಸಿತು. ಬರೀ ನೀರಿನಂಥ ಇಂಜೆಕ್ಷನ್ನಿಗಿಂತ ಈ ಔಷಧಗಳಿಂದ ಎಳೆಗಳು ಚೆನ್ನಾಗಿ ಮರೆಯಾಗುತ್ತವೆ ಎಂದು ಅದು ಕಂಡುಕೊಂಡಿತು. ಅದೇ ಉಸಿರಿನಲ್ಲಿ, ಸೂಜಿ ಹಾಕಿದ ಜಾಗದಲ್ಲಿ ಕಂದು ಕಲೆ ಮತ್ತು ಹೊಸ ತೆಳು ಕೆಂಪು ಎಳೆಗಳ ಗುಂಪು ಏಳುವುದೂ ಔಷಧ ಪಡೆದವರಲ್ಲಿ ಹೆಚ್ಚು ಎಂದಿತು. ಕಂದು ಕಲೆಯ ವಿಷಯವನ್ನು ನಮ್ಮ ಕಡೆಯವರು ಎರಡು ಸಲ ಕೇಳಿ ತಿಳಿಯಬೇಕು. ನಾಳದಿಂದ ಹೊರಬಿದ್ದ ರಕ್ತದ ಕಬ್ಬಿಣ ಚರ್ಮದಲ್ಲಿ ಉಳಿದು ಕಂದು ಗೆರೆಯಾಗುತ್ತದೆ. ಗೋಧಿಬಣ್ಣದ, ಕಪ್ಪು ಚರ್ಮದಲ್ಲಿ ಉರಿಯೂತದ ಕಪ್ಪೂ ಅದಕ್ಕೆ ಸೇರಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಕೆಲವು ತಿಂಗಳಿಂದ ಒಂದು ವರ್ಷದೊಳಗೆ ತಿಳಿಯಾಗುತ್ತದೆ, ಕೆಲವರಲ್ಲಿ ಉಳಿದೇಬಿಡುತ್ತದೆ. ನೀಲಿ ಗೆರೆ ಹೋಗಿ ಕಂದು ಗೆರೆ ಬಂದರೆ ನಿಮಗೆ ಒಪ್ಪಿಗೆಯೇ ಎಂಬುದು ಚಿಕಿತ್ಸೆಗೆ ಮುಂಚೆ ಕೇಳಬೇಕಾದ ಪ್ರಶ್ನೆ. ಜಾಹೀರಾತಿನ ಬೆಳ್ಳಗಿನ ಕಾಲು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಲೇಸರ್ ಮಾಡಿಸಿದರೆ ಈ ತೊಂದರೆ ಇಲ್ಲ ಎಂದು ಯಾರಾದರೂ ಹೇಳಿದರೆ ಅದೂ ಸರಿಯಲ್ಲ. ಲೇಸರಿನ ಶಾಖವನ್ನು ಚರ್ಮದ ಬಣ್ಣವೂ ಹೀರಿಕೊಳ್ಳುತ್ತದೆ, ಆದ್ದರಿಂದ ಕಪ್ಪು ಚರ್ಮ ಸುಡುವ, ಕಲೆಗಟ್ಟುವ ಭಯ ಅಲ್ಲಿಯೂ ಉಂಟು. ಕಾಲಿನ ಎಳೆಗಳಿಗೆ ಇಂದಿಗೂ ಮೊದಲ ಆಯ್ಕೆ ಇಂಜೆಕ್ಷನ್ನೇ.

ಅಪರೂಪದ ಅಪಾಯಗಳೂ ಇವೆ, ಅವುಗಳಿಂದಾಗಿಯೇ ಇದು ಬ್ಯೂಟಿ ಪಾರ್ಲರಿನಲ್ಲಿ ಮಾಡಿಸಿಕೊಳ್ಳುವ ಕೆಲಸವಲ್ಲ. ಔಷಧ ನಾಳದ ಹೊರಗೆ ಸೋರಿದರೆ ಅಥವಾ ತಪ್ಪಿ ಸಣ್ಣ ಅಪಧಮನಿಗೆ ಹೋದರೆ ಚರ್ಮ ಸತ್ತು ಹುಣ್ಣಾಗಬಹುದು. ಒಗ್ಗದವರಿಗೆ ತೀವ್ರ ಅಲರ್ಜಿಯಾಗಿ ಉಸಿರು ಕಟ್ಟಬಹುದು. ಆ ಗಳಿಗೆಯಲ್ಲಿ ಅಡ್ರಿನಲಿನ್ ಕೊಡಬಲ್ಲವರು ಪಕ್ಕದಲ್ಲಿರಬೇಕು. ಆಳದ ನಾಳದಲ್ಲಿ ಹೆಪ್ಪುಗಟ್ಟುವುದು ಬಹಳ ವಿರಳ, ಆದರೆ ಇಲ್ಲವೆನ್ನುವಂತಿಲ್ಲ. ಬಸುರಿಯರು ಹಾಕಿಸಿಕೊಳ್ಳಲೇಬಾರದು. ಬಸುರಿನಲ್ಲಿ ಮೂಡಿದ ಎಳೆಗಳಲ್ಲಿ ಎಷ್ಟೋ ಹೆರಿಗೆಯ ನಂತರ ಕೆಲವು ತಿಂಗಳಲ್ಲಿ ತಾವಾಗಿ ಮಾಸುವುದರಿಂದ ಕಾಯುವುದೇ ಲಾಭ. ಹಿಂದೆ ಕಾಲಿನಲ್ಲಿ ಹೆಪ್ಪುಗಟ್ಟಿದ್ದರೆ, ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ, ಮಗುವಿಗೆ ಎದೆಹಾಲು ಕುಡಿಸುತ್ತಿದ್ದರೆ, ಯಾವುದಾದರೂ ಔಷಧ ಒಗ್ಗದಿದ್ದರೆ ಮುಚ್ಚಿಡದೆ ಮೊದಲೇ ಹೇಳಿ. ಕರ್ನಾಟಕದಲ್ಲಿ ಪ್ರತಿ ಖಾಸಗಿ ಚಿಕಿತ್ಸಾಲಯವೂ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಬಾಗಿಲಲ್ಲಿ ಆ ಸಂಖ್ಯೆಯಿದೆಯೇ, ಸೂಜಿ ಹಾಕುವವರ ಓದೇನು ಎಂದು ನೋಡುವುದು ಅನುಮಾನವಲ್ಲ, ಎಚ್ಚರ.

ಈಗ ನೀವು ಎತ್ತಬಹುದಾದ ತಕರಾರುಗಳಿಗೆ ಬರೋಣ. ‘ಇದು ಚಂದಕ್ಕೆ ಮಾಡಿಸುವುದು, ನಮ್ಮಂಥವರಿಗೆ ಯಾಕೆ?’ ಎಂಬ ಮಾತು ಎಲ್ಲಕ್ಕಿಂತ ಹೆಚ್ಚು ಕೇಳುತ್ತದೆ. ಸೋರಿಕೆಯಿಲ್ಲದ ಎಳೆಗೆ ಚಿಕಿತ್ಸೆ ಮಾಡಿಸುವುದು ಹೆಚ್ಚಾಗಿ ನೋಟಕ್ಕೇ, ನಿಜ. ಅದನ್ನು ಮುಚ್ಚಿಟ್ಟು ರೋಗವೆಂದು ಬಣ್ಣಿಸುವ ಅಗತ್ಯವಿಲ್ಲ. ಆದರೆ ಚಂದ ಬೇಕೆನ್ನುವುದು ಬಂಗಲೆಯವರಿಗೆ ಮಾತ್ರ ಒಪ್ಪುವ ಆಸೆ ಎಂದು ಯಾರು ಹೇಳಿದರು? ಮದುವೆ ಸೀಸನ್ನಿನಲ್ಲಿ ದಿನಕ್ಕೆ ನೂರು ಸೀರೆ ಬಿಚ್ಚಿ ಇನ್ನೊಬ್ಬರ ಚಂದಕ್ಕೆ ದುಡಿಯುವ ಹೆಣ್ಣುಮಗಳು ತನ್ನ ಕಾಲಿನ ಗೆರೆ ತನಗೆ ಬೇಡ ಎಂದರೆ ಅದರಲ್ಲಿ ಶೋಕಿ ಏನಿದೆ? ನನ್ನ ತಕರಾರು ಆಸೆಯ ಮೇಲಲ್ಲ, ಆ ಆಸೆಯನ್ನು ನಾಚಿಕೆಯಾಗಿ ಮಾಡುವವರ ಮೇಲೆ. ಅದಕ್ಕಿಂತಲೂ ದೊಡ್ಡ ತೊಂದರೆ ಈ ಮಾತಿನ ಇನ್ನೊಂದು ಮಗ್ಗುಲಲ್ಲಿದೆ. ಇದೆಲ್ಲ ಚಂದದ ವಿಷಯ ಎಂದು ಕೈಬಿಟ್ಟವರ ಸಾಲಿನಲ್ಲಿ, ಸಂಜೆಗೆ ಕಾಲು ಬಾತು ಚಪ್ಪಲಿಯ ಪಟ್ಟಿ ಅಚ್ಚೊತ್ತುವವರು, ಹರಡಿನ ಮೇಲೆ ಚರ್ಮ ಕಪ್ಪಾಗಿ ತುರಿಸುವವರು, ರಾತ್ರಿ ಮೀನಖಂಡ ಸೆಟೆದು ಎದ್ದು ಕೂರುವವರು ಕೂಡ ನಿಂತಿದ್ದಾರೆ. ಅವರದು ಚಂದದ ವಿಷಯವಲ್ಲ. ಅವರು ಇವತ್ತಲ್ಲ ನಾಳೆ ಎನ್ನದೆ ತೋರಿಸಬೇಕು.

‘ನರ ಸುಟ್ಟರ ಕಾಲು ಹೋಗ್ತದ’ ಎಂಬ ಹೆದರಿಕೆ ಇನ್ನೊಂದು. ಸ್ಪರ್ಶ, ಚಲನೆಯ ಸುದ್ದಿ ಒಯ್ಯುವ ನರಕ್ಕೂ ಈ ಎಳೆಗೂ ಸಂಬಂಧವಿಲ್ಲ. ಇವು ರಕ್ತ ಹೊರುವ ನಾಳಗಳು. ಕಾಲಿನ ರಕ್ತದ ಸುಮಾರು ಶೇಕಡಾ 90 ಭಾಗ ಮೇಲಕ್ಕೆ ಹೋಗುವುದು ಮಾಂಸದ ನಡುವೆ ಆಳದಲ್ಲಿರುವ ದೊಡ್ಡ ನಾಳಗಳ ಮೂಲಕ. ಅವುಗಳನ್ನು ಈ ಸೂಜಿ ಮುಟ್ಟುವುದಿಲ್ಲ. ಚರ್ಮದ ಮೇಲಿನ ನಾಲ್ಕು ಎಳೆ ಮುಚ್ಚಿದರೆ ಕಾಲಿಗೆ ರಕ್ತದ ಕೊರತೆಯಾಗುವುದಿಲ್ಲ. ಮತ್ತೆ ಬರುತ್ತದಂತೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಚೆನ್ನಾಗಿ ಮುಚ್ಚಿದ ಎಳೆ ಸಾಮಾನ್ಯವಾಗಿ ಮತ್ತೆ ತೆರೆಯುವುದಿಲ್ಲ, ಆದರೆ ಪಕ್ಕದಲ್ಲಿ ಹೊಸದು ಮೂಡುವುದನ್ನು ಯಾವ ಸೂಜಿಯೂ ತಡೆಯಲಾರದು. ನಿಮ್ಮ ಮನೆತನ, ವಯಸ್ಸು, ನಿಲ್ಲುವ ಕೆಲಸ ಎಲ್ಲವೂ ಸೂಜಿಯ ಮರುದಿನವೂ ಹಾಗೇ ಇರುತ್ತವೆ. ಒಂದು ಕಾಲಿಗೆ ಒಂದೇ ಸಲ ಸಾಲುವುದೂ ಅಪರೂಪ. ವಾರಗಳ ಅಂತರದಲ್ಲಿ ಎರಡು, ಮೂರು, ನಾಲ್ಕು ಸಲ ಹೋಗಬೇಕಾಗುತ್ತದೆ. ಆದ್ದರಿಂದ ರೇಟು ಕೇಳುವಾಗ ಒಂದು ಸಲದ್ದನ್ನು ಕೇಳಬೇಡಿ, ನನ್ನ ಕಾಲಿಗೆ ಒಟ್ಟು ಎಷ್ಟು ಸಲ, ಕಾಲುಚೀಲ ಸೇರಿ ಒಟ್ಟು ಎಷ್ಟು ಎಂದು ಕೇಳಿ.

ಜಿಗಣೆ ಹಚ್ಚಿಸುವುದು, ಎಣ್ಣೆ ತೀಡುವುದು ಸಾಕಲ್ಲವೇ ಎನ್ನುವವರಿದ್ದಾರೆ. ಉಬ್ಬಿದ ಸಿರೆಗಳನ್ನು ಸುಶ್ರುತ ಸಂಹಿತೆ ಎಂದೋ ಗುರುತಿಸಿದೆ. ಈ ನೋವು ನಮ್ಮವರಿಗೆ ಹೊಸದಲ್ಲ, ಅದಕ್ಕೆ ಪರಿಹಾರ ಹುಡುಕಿದ್ದೂ ಹೊಸದಲ್ಲ. ಸಂಜೆ ಕಾಲೆತ್ತಿ ಮಲಗಿ ಮೆಲ್ಲಗೆ ಎಣ್ಣೆ ಸವರಿದರೆ ಹಾಯೆನಿಸುತ್ತದೆ, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಕೆಟ್ಟ ಕವಾಟವನ್ನು ಎಣ್ಣೆ ಸರಿಮಾಡಲಾರದು. ಮತ್ತೆ, ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು, ಬಿಸಿಯಾಗಿ, ನೋಯತೊಡಗಿದ್ದರೆ ಅದನ್ನು ತೀಡಲೇಬಾರದು. ಒಳಗೆ ಹೆಪ್ಪು ಕಟ್ಟಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋದೀತು. ಅಂಥ ಕಾಲಿನವರು, ಅದರ ಜೊತೆ ಎದೆನೋವು ಇಲ್ಲವೇ ಏದುಸಿರು ಇರುವವರು ರಾತ್ರಿಯಾಗಲಿ ಹಗಲಾಗಲಿ ಆಸ್ಪತ್ರೆ ಮುಟ್ಟಬೇಕು.

ಎಲ್ಲಕ್ಕಿಂತ ಗಟ್ಟಿಯಾದ ತಕರಾರು ಖಾನಾಪುರದ ಕಡೆಯವರದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಣಕುಂಬಿ, ಜಾಂಬೋಟಿ, ಲೋಂಡಾ ಕಡೆಯಿಂದ ಬೆಳಗಾವಿಗೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಮಳೆಗಾಲದ ನಾಟಿಯ ದಿನಗಳಲ್ಲಿ ಗದ್ದೆ ಬಿಟ್ಟು ಬರುವ ಮಾತೇ ಇಲ್ಲ. ಎಲ್ಲರೂ ಡಾಪ್ಲರ್ ಮಾಡಿಸಿ ಎನ್ನುವುದು ಪೇಟೆಯವರ ಸಲಹೆಯಲ್ಲವೇ ಎಂದು ನೀವು ಕೇಳಿದರೆ ಒಪ್ಪಿಕೊಳ್ಳುತ್ತೇನೆ: ಎಲ್ಲರಿಗೂ ಬೇಕಿಲ್ಲ. ತೊಡೆಯ ಮೇಲೆ ಮಾತ್ರ ಎಳೆಗಳಿದ್ದು, ನೋವು ಬಾವು ಇಲ್ಲದೆ, ಸೂಜಿಯೂ ಬೇಡವೆನ್ನುವವರು ಏನೂ ಮಾಡಿಸಬೇಕಾಗಿಲ್ಲ, ನೆಮ್ಮದಿಯಾಗಿರಿ. ಖರ್ಚು ಮಾಡಬೇಕಾದವರು ಎರಡು ಬಗೆಯವರು, ಸೂಜಿ ಹಾಕಿಸಿಕೊಳ್ಳಬೇಕೆಂದಿರುವವರು ಮತ್ತು ಹರಡಿನ ಬೀಸಣಿಗೆ, ಬಾವು, ಕಪ್ಪು, ತುರಿಕೆ, ಉಬ್ಬಿದ ನಾಳ ಇವುಗಳಲ್ಲಿ ಒಂದಾದರೂ ಇರುವವರು. ಇವರು ಮೊದಲು ಖಾನಾಪುರದ ತಾಲ್ಲೂಕು ಆಸ್ಪತ್ರೆಯಲ್ಲಿ ಕಾಲು ತೋರಿಸಿ, ಅಲ್ಲಿಂದ ಚೀಟಿ ಬರೆಸಿಕೊಂಡು ಸುಮಾರು 25 ಕಿಲೋಮೀಟರ್ ದೂರದ ಬೆಳಗಾವಿಗೆ ಬಂದರೆ ತಿರುಗಾಟ ಉಳಿಯುತ್ತದೆ. ನಗರದಲ್ಲಿ ಬಿಮ್ಸ್‌ಗೆ ಸೇರಿದ ಜಿಲ್ಲಾ ಆಸ್ಪತ್ರೆಯಿದೆ, ನೆಹರೂ ನಗರದಲ್ಲಿ ಕೆಎಲ್ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಿದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು, ಸರಕಾರಿ ಆಸ್ಪತ್ರೆಯ ಚೀಟಿ ಅಲ್ಲಿ ಬೇಕಾಗುತ್ತದೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದಲ್ಲಿ ಇಎಸ್ಐ ಕಡಿತವಾಗುತ್ತಿದ್ದರೆ ಆ ದಾರಿಯೂ ಇದೆ. ನೋಟಕ್ಕಾಗಿ ಹಾಕಿಸುವ ಸೂಜಿಗೆ ಇವು ಒದಗುವುದಿಲ್ಲ. ಕವಾಟ ಕೆಟ್ಟ ಕಾಲಿಗೆ, ಹುಣ್ಣಾದ ಕಾಲಿಗೆ ಏನು ಸಿಗುತ್ತದೆ ಎಂದು ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಆರೋಗ್ಯ ಮಿತ್ರರನ್ನು ಕೇಳಿ. ಅದಕ್ಕೇ ಆ ಡಾಪ್ಲರ್ ವರದಿಯ ಹಾಳೆ ಕೈಯಲ್ಲಿರಬೇಕು ಎನ್ನುವುದು. ಚಂದದ ಕಾಲಾವುದು, ರೋಗದ ಕಾಲಾವುದು ಎಂದು ಹೇಳುವುದು ಆ ಹಾಳೆ.

ಹುಣ್ಣಿನ ಮಾತು ಬಂದದ್ದರಿಂದ ಇನ್ನೊಂದಿಷ್ಟು ಹೇಳಬೇಕು. ಕೆಸರಿನಲ್ಲಿ ದುಡಿಯುವವರ ಹರಡಿನ ಒಳಬದಿಯಲ್ಲಿ ಒಂದು ಗೀರು ಬಿದ್ದು, ಅದು ತಿಂಗಳುಗಟ್ಟಲೆ ಮಾಯದೆ ರಸಿಕೆ ಸೋರುತ್ತಿದ್ದರೆ ಅದು ಬರೀ ಕೆಸರಿನ ಹುಣ್ಣಲ್ಲದಿರಬಹುದು. ಕಪ್ಪಾಗಿ ಗಟ್ಟಿಯಾದ ಚರ್ಮದ ಮೇಲೆ ಎದ್ದ ಹುಣ್ಣಿಗೆ ಮುಲಾಮು, ಪಟ್ಟಿ, ಮತ್ತೊಂದು ಮುಲಾಮು ಎಂದು ವರ್ಷ ಕಳೆಯುವವರಿದ್ದಾರೆ. ಬ್ರಿಟನ್ನಿನಲ್ಲಿ ಇಂಥ ಹುಣ್ಣಿದ್ದ 450 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಒತ್ತು ಪಟ್ಟಿ ಕಟ್ಟಿದರು. ಅರ್ಧ ಜನರಿಗೆ ಅದರ ಜೊತೆ ಎರಡು ವಾರದೊಳಗೆ ಸೋರುವ ನಾಳವನ್ನು ಶಾಖದಿಂದಲೋ ನೊರೆ ಇಂಜೆಕ್ಷನ್ನಿನಿಂದಲೋ ಮುಚ್ಚಿದರು, ಉಳಿದರ್ಧ ಜನರಿಗೆ ಹುಣ್ಣು ಮಾದ ಮೇಲೆ ನೋಡೋಣ ಎಂದರು. ಬೇಗ ಮುಚ್ಚಿದವರ ಹುಣ್ಣು ಮಾಯಲು ಹಿಡಿದದ್ದು 56 ದಿನ, ಕಾದವರದ್ದು 82 ದಿನ. ಕೂಲಿಯ ಲೆಕ್ಕದಲ್ಲಿ ನೋಡಿದರೆ ಇದು ಹತ್ತಿರ ಹತ್ತಿರ ಒಂದು ತಿಂಗಳ ದುಡಿಮೆ. ಗಮನಿಸಿ, ಇಲ್ಲಿ ನೊರೆಯ ರೂಪದಲ್ಲಿ ಬಳಸಿದ್ದು ಅದೇ ಜಾತಿಯ ಔಷಧ. ತೊಡೆಯ ಎಳೆಗೆ ನೋಟದ ಸೂಜಿಯಾದದ್ದು, ಯಂತ್ರದಲ್ಲಿ ನೋಡಿಕೊಂಡು ಸರಿಯಾದ ನಾಳಕ್ಕೆ ಕೊಟ್ಟರೆ ಹುಣ್ಣು ಮಾಯಿಸುವ ಮದ್ದಾಗುತ್ತದೆ. ಔಷಧಕ್ಕಿಂತ ಎಲ್ಲಿಗೆ, ಯಾಕೆ ಎಂಬುದೇ ಮುಖ್ಯ ಎಂದು ಇಷ್ಟುದ್ದ ವಾದಿಸುತ್ತಿರುವುದು ಇದಕ್ಕೇ.

ಕೊನೆಗೆ, ಸೂಜಿಯಿಂದ ಆಗದ ಕೆಲಸವೊಂದಿದೆ, ಅದನ್ನು ನೀವು ಒಟ್ಟಾಗಿ ಮಾಲೀಕರ ಮುಂದೆ ಇಡಬೇಕು. ನಿಂತೇ ಕೆಲಸ ಮಾಡಬೇಕಾದವರಿಗೆ ಬಿಡುವು ಸಿಕ್ಕಾಗ ಕೂರಲು ಆಸನವಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು ಹೇಳಿತ್ತು. ಕಾರ್ಖಾನೆ ಎನಿಸಿಕೊಳ್ಳದ ಸಣ್ಣ ಮಗ್ಗದ ಶೆಡ್ಡಿಗೂ ಬಟ್ಟೆ ಅಂಗಡಿಗೂ ಆ ಕಲಮು ತಲುಪಲಿಲ್ಲ. ಕೇರಳದ ಅಂಗಡಿಗಳ ಸೇಲ್ಸ್ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನು ತಮ್ಮ ರಾಜ್ಯದ ಅಂಗಡಿ ಕಾಯ್ದೆಗೆ ಸೇರಿಸಿಕೊಂಡರು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ಗಿರಾಕಿ ಬಂದಾಗ ಕೂತಿದ್ದರೆ ಮರ್ಯಾದೆಯಲ್ಲ ಎಂದು ಮಾಲೀಕರು ಹೇಳಬಹುದು. ಗಿರಾಕಿ ಬಂದಾಗ ಏಳುತ್ತೇವೆ, ಇಲ್ಲದಾಗ ಕೂರುತ್ತೇವೆ ಎಂಬುದೇ ಅದಕ್ಕೆ ಉತ್ತರ. ಕೌಂಟರಿನ ಹಿಂದೆ ಇಬ್ಬರಿಗೊಂದು ಸ್ಟೂಲ್, ತಾಸಿಗೊಮ್ಮೆ ಐದು ನಿಮಿಷ ಓಡಾಡುವ ಬಿಡುವು, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ ಮೀನಖಂಡವನ್ನು ದುಡಿಸುವ ರೂಢಿ, ಇವುಗಳಿಗೆ ಮಾಲೀಕರ ಖರ್ಚು ಅಷ್ಟಕ್ಕಷ್ಟೆ. ಅಧಿವೇಶನಕ್ಕೆಂದು ಚಳಿಗಾಲದಲ್ಲಿ ಸುವರ್ಣ ವಿಧಾನಸೌಧಕ್ಕೆ ಬರುವ ಶಾಸಕರಿಗೆ ನಿಮ್ಮ ಸಂಘಗಳು ಕೊಡುವ ಮನವಿಗಳಲ್ಲಿ ಸಂಬಳ, ಪಿಂಚಣಿಯ ಜೊತೆ ಇದೂ ಒಂದು ಸಾಲು ಇರಲಿ: ಕರ್ನಾಟಕದ ಅಂಗಡಿಗಳಲ್ಲೂ ಕೂರುವ ಹಕ್ಕನ್ನು ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆಯಿರಿ, ಬರೆದದ್ದನ್ನು ನೋಡಲು ಕಾರ್ಮಿಕ ಇಲಾಖೆಯವರನ್ನು ಅಂಗಡಿಗೆ ಕಳಿಸಿ.

ನಿಮ್ಮ ಹಿತ ಬಯಸುವ
ಒಬ್ಬ ಬರಹಗಾರ